ಹಲಗೆಯ ಮೇಲಿನ ನಂಬರು

ಮೂರನೆಯ ಸಲವೂ ಒಂದು ಹನಿ ಹೆಚ್ಚಾಯಿತು. ಗಾಜಿನ ನಳಿಕೆಯ ತುದಿಯಲ್ಲಿ ಅದು ತೂಗಿ ನಿಂತದ್ದನ್ನು ಶಿವಲೀಲಾ ನೋಡಿದ್ದಳು, ಬೆರಳು ತಿರುಪನ್ನು ಮುಚ್ಚಲು ಹೊರಟೂ ಇತ್ತು, ಆದರೂ ಹನಿ ಬಿತ್ತು. ಫ್ಲಾಸ್ಕಿನೊಳಗೆ ನೇರಳೆ ಬಣ್ಣ ಮೆಲ್ಲಗೆ ಹಸಿರಿಗೆ ತಿರುಗಬೇಕಾದದ್ದು ಒಂದೇ ಉಸಿರಿಗೆ ಹಸಿರಾಗಿ, ಇನ್ನು ಏನು ಮಾಡಿದರೂ ಬದಲಾಗೆನೆಂಬಂತೆ ನಿಂತುಬಿಟ್ಟಿತು. ಹಸಿರು ಬರುವ ಗಳಿಗೆಯನ್ನು ಹಿಡಿಯಬೇಕು, ಬಂದ ಮೇಲಿನ ಹಸಿರಿನಿಂದ ಏನೂ ಗೊತ್ತಾಗುವುದಿಲ್ಲ. ಗಂಗಾವತಿಯ ಈ ಮಣ್ಣು ಪರೀಕ್ಷಾ ಕೇಂದ್ರಕ್ಕೆ ಹೊಸದಾಗಿ ಬಂದವರಿಗೆ ಹತ್ತೊಂಬತ್ತು ವರ್ಷಗಳಿಂದ ಅವಳು ಹೇಳಿಕೊಡುತ್ತ ಬಂದ ಮೊದಲ ಮಾತು ಅದು. ಫ್ಲಾಸ್ಕನ್ನು ತೊಟ್ಟಿಗೆ ಸುರಿದಳು, ತೊಳೆದಳು, ನಾಲ್ಕನೆಯ ಸಲ ಅದೇ ಮಣ್ಣನ್ನು ತೂಗತೊಡಗಿದಳು. ಎದುರಿನ ಮೇಜಿನಲ್ಲಿ ಚೀಲಗಳಿಗೆ ಚೀಟಿ ಅಂಟಿಸುತ್ತಿದ್ದ ತಾಹೇರ ಬೆಳಗಿನಿಂದ ಅವಳ ಮುಖ ನೋಡಿರಲಿಲ್ಲ. ಅವಳೂ ನೋಡಿರಲಿಲ್ಲ. ಹತ್ತು ವರ್ಷದಿಂದ ಕೇಂದ್ರದ ಜೀಪನ್ನೂ ಚೀಲಗಳನ್ನೂ ನೋಡಿಕೊಂಡು ಬಂದ, ಮೇಲಧಿಕಾರಿಗಳ ದನಿ ಅಣಕಿಸಿ ಎಲ್ಲರನ್ನೂ ನಗಿಸುತ್ತಿದ್ದ ಮನುಷ್ಯ ನಿನ್ನೆ ಮಧ್ಯಾಹ್ನದಿಂದ ಯಾರನ್ನೂ ಅಣಕಿಸಿಲ್ಲ.

ನಿನ್ನೆ ಹನ್ನೊಂದು ನಲವತ್ತಕ್ಕೆ, ಇದೇ ಮೇಜಿನ ಬಳಿ, ತಾಹೇರನ ಹೆಂಡತಿಯ ಫೋನಿನಿಂದ ಶಿವಲೀಲಾಳ ಅಪ್ಪನಿಗೆ ಕರೆ ಹೋಗಿತ್ತು. ಸ್ಪೀಕರ್ ಹಾಕಿದ್ದರು. ಎರಡನೆಯ ರಿಂಗಿಗೇ ಅಪ್ಪ ಎತ್ತಿದ್ದ. "ನಮಸ್ಕಾರ್ರಿ, ಪಿಂಚಣಿ ವಿಭಾಗದಿಂದ ಮಾತಾಡೂದು. ಅಂದಪ್ಪನವರೇನ್ರಿ?" ಎಂದ ತಾಹೇರ, ಮೂಗಿನಿಂದ ಬರುವ, ಅವಸರದ, ಯಾವ ಕಚೇರಿಯಲ್ಲಾದರೂ ಕೇಳಬಹುದಾದ ದನಿಯಲ್ಲಿ. "ಹೌದ್ರಿ ಸಾಹೇಬ್ರ. ಅಂದಪ್ಪ, ಗೇಜ್ ರೀಡರ್, ಮುನಿರಾಬಾದ್." ನಿವೃತ್ತನಾಗಿ ಹದಿನೆಂಟು ವರ್ಷವಾದರೂ ಅಪ್ಪ ಹಾಗೆಯೇ ಹೇಳಿದ. "ನೀವು ಜೀವಂತ ಅದೀರಿ ಅನ್ನೂದು ಈ ವರ್ಷ ದಾಖಲಾಗಿಲ್ರಿ. ನಿಮ್ಮ ಮೊಬೈಲಿಗೆ ಆರು ಅಂಕಿ ಬಂದಿರತಾವ. ಅವನ್ನ ಹೇಳಿದ್ರ ಇಲ್ಲಿಂದನ ಮಾಡಿಬಿಡ್ತೀವಿ." "ತಡೀರಿ, ಚಾಳೀಸ ಹಾಕ್ಕೊಂತೀನಿ." ಮರದ ಕುರ್ಚಿ ಸರಿದ ಸದ್ದು. ಆ ಸದ್ದನ್ನು ಇಲ್ಲಿ, ಆಮ್ಲದ ವಾಸನೆಯ ನಡುವೆ ಕೇಳಿದಾಗ ಅವಳಿಗೆ ಸಾಕು ಅನಿಸಿತ್ತು. ತಾಹೇರನ ತೋಳು ಮುಟ್ಟಿ ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಅಪ್ಪ ಓದಿದ. "ಒಂದು. ಆರು. ಮೂರು. ಮೂರು." ಅಲ್ಲಿ ಒಂದು ಸಣ್ಣ ಬಿಡುವು, ಮೂಗಿನ ಮೇಲಿನ ಚಾಳೀಸು ಜಾರಿರಬೇಕು. "ಸೊನ್ನೆ. ಸೊನ್ನೆ. ಹೊಳ್ಳಿ ಹೇಳ್ರಿ." ಇದು ತಾಹೇರನಿಗೆ ಹೇಳಿಕೊಟ್ಟ ಪಾಠದಲ್ಲಿ ಇರಲಿಲ್ಲ. ಅವನು ಅವಳತ್ತ ನೋಡಿ, ತಡವರಿಸಿ, ಮೂಗಿನ ದನಿಯನ್ನೂ ಮರೆತು ಆರೂ ಅಂಕಿಗಳನ್ನು ತಿರುಗಿ ಹೇಳಿದ. "ಬರೋಬರಿ" ಎಂದು ಅಪ್ಪ ಫೋನಿಟ್ಟ. ಮೂವತ್ನಾಲ್ಕು ವರ್ಷ, ತಾಸಿಗೊಮ್ಮೆ, ಅಣೆಕಟ್ಟಿನ ಕಾಲುವೆಯ ತಲೆಬಾಗಿಲ ಬಳಿಯ ಕೋಣೆಯಲ್ಲಿ ನೀರಿನ ಮಟ್ಟವನ್ನು ಅಂಕಿ ಅಂಕಿಯಾಗಿ ಓದಿ, ಆ ಕಡೆಯವರಿಂದ ತಿರುಗಿ ಹೇಳಿಸಿಕೊಂಡು, ಸರಿ ಇದ್ದರೆ ಬರೋಬರಿ ಅಂದು ಇಟ್ಟವನು.

"ಮೇಡಂರೀ, ಇನ್ನೊಮ್ಮೆ ಇಂಥಾ ಕೆಲಸ ನನಗ ಹೇಳಬ್ಯಾಡ್ರಿ" ಎಂದು ತಾಹೇರ ಫೋನನ್ನು ಅಂಗಿಯಿಂದ ಒರೆಸಿದ್ದ, ಏನೋ ಅಂಟಿದೆ ಎಂಬಂತೆ. "ಆ ಮನಿಷಾ ನನಗ ಸಾಹೇಬ್ರ ಅಂದ್ರು."

ಇದರಲ್ಲಿ ತಪ್ಪೇನಿದೆ ಎಂದು ಅವಳು ರಾತ್ರಿಯೆಲ್ಲ ತನಗೆ ತಾನೇ ವಾದಿಸಿದ್ದಳು. ಮೂರು ತಿಂಗಳಿಗೊಮ್ಮೆ ಕೇಂದ್ರಕ್ಕೆ ರೈತರ ಚೀಲಗಳ ನಡುವೆ ಒಂದು ಹೆಸರಿಲ್ಲದ ಚೀಲ ಬರುತ್ತದೆ. ಅದರ ಫಲಿತಾಂಶ ಕಳಿಸಿದವರಿಗೆ ಮೊದಲೇ ಗೊತ್ತು, ಪರೀಕ್ಷೆ ಮಾಡುವವರಿಗೆ ಗೊತ್ತಿಲ್ಲ. ಮಣ್ಣಲ್ಲ, ಕೈ ಪರೀಕ್ಷೆಗೊಳಗಾಗುವುದು ಆಗಲೇ. ಅದರಿಂದ ಯಾರಿಗೂ ಅವಮಾನವಾದದ್ದಿಲ್ಲ. ಅವಳೇ ಕಿರಿಯರಿಗೆ ಹಾಗೆ ಚೀಲ ಬೆರೆಸಿ ಇಟ್ಟಿದ್ದುಂಟು. ಹೇಳಿ ಮಾಡುವ ಪರೀಕ್ಷೆ ಪರೀಕ್ಷೆಯೇ ಅಲ್ಲ. ಕುಷ್ಟಗಿಯ ಶೇಖರಮ್ಮತ್ತಿಗೆ ಯಾರಾದರೂ ಮೊದಲೇ ಹೀಗೆ ಒಂದು ಸುಳ್ಳು ಕರೆ ಮಾಡಿದ್ದರೆ ನಿಜವಾದ ಸುಳ್ಳು ಕರೆ ಬಂದಾಗ ಆಕೆ ಎರಡು ದಿನ ಫೋನಿನ ಮುಂದೆ ಕುಳಿತಿರುತ್ತಿರಲಿಲ್ಲ. ಅಪ್ಪನ ತಂಗಿ, ಮೂವತ್ತು ವರ್ಷ ಸಾಲಿ ಕಲಿಸಿದಾಕೆ. ಪೊಲೀಸ್ ಟೋಪಿ ಹಾಕಿಕೊಂಡ ಒಂದು ಮುಖ, ನಿಮ್ಮನ್ನು ಇದ್ದಲ್ಲೇ ಬಂಧಿಸಿದ್ದೇವೆ, ಕ್ಯಾಮೆರಾ ಬಿಟ್ಟು ಏಳುವಂತಿಲ್ಲ, ಯಾರಿಗೂ ಹೇಳುವಂತಿಲ್ಲ ಎಂದಿತ್ತು. ಆಮೇಲೆ ಅತ್ತಿ ಬಾಯಿ ಬಿಟ್ಟು ಹೇಳಿದ್ದು ಹೋದ ದುಡ್ಡಿನ ಮಾತಲ್ಲ. ಬಚ್ಚಲಿಗೆ ಹೋಗಬೇಕಾದಾಗ ತಾನು ಆ ಮುಖದ ಮುಂದೆ ಕಿರುಬೆರಳು ಎತ್ತಿದ್ದೆ ಎಂದು ಹೇಳಿ, ಎತ್ತಿದ ಆ ಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡಿದ್ದಳು. ಆ ಎರಡು ದಿನಗಳಲ್ಲಿ ಶಿವಲೀಲಾ ಎರಡು ಸಲ ಅತ್ತಿಗೆ ಕರೆ ಮಾಡಿದ್ದಳು. ಎರಡೂ ಸಲ ಲೈನು ಬ್ಯುಸಿ ಇತ್ತು. ಎರಡೂ ಸಲ, ಸದ್ಯ, ಅರ್ಧ ತಾಸಿನ ಮಾತು ತಪ್ಪಿತಲ್ಲ ಎಂದು ಹಗುರಾಗಿದ್ದಳು. ಇದನ್ನು ಅವಳು ಯಾರಿಗೂ ಹೇಳಿಲ್ಲ.

ನಿನ್ನೆ ಸಂಜೆ ಊಟಕ್ಕೆ ಕುಳಿತಾಗ ಅಪ್ಪನೇ ಮಾತು ತೆಗೆದಿದ್ದ. "ಇವತ್ತು ಆಫೀಸಿನ್ಯಾಗಿಂದ ಫೋನ್ ಬಂದಿತ್ತು." ರೊಟ್ಟಿ ಮುರಿಯುತ್ತ ಅವಳನ್ನೇ ನೋಡಿದ. ಅವಳು ಪಲ್ಯದ ಪಾತ್ರೆಯ ಕಡೆ ತಿರುಗಿದಳು. "ಏನಂತರೀ ಮಾವಾರ?" ಅಂದವನು ಅವಳ ಗಂಡ ರುದ್ರೇಶ, ಅಕ್ಕಿ ಗಿರಣಿಯ ತೌಡಿನ ಧೂಳು ಇನ್ನೂ ಹುಬ್ಬಿನ ಮೇಲಿತ್ತು. "ನಾ ಜೀವಂತ ಅದೀನೋ ಇಲ್ಲೋ ಅಂತ ಕೇಳಿದ್ರು." "ಅದೀನಿ ಅಂದ್ರಿಲ್ಲೋ?" "ಓದಿ ಹೇಳಿದೆ." ಅಪ್ಪನ ಮುಖದಲ್ಲಿ ಒಂದು ಬೆಳಕಿತ್ತು. ಬಹಳ ದಿನದ ಮೇಲೆ ಯಾರೋ ಅಂಕಿ ಕೇಳಿದ್ದಾರೆ, ಅವನು ಓದಿದ್ದಾನೆ ಎಂಬ ಸಂತೋಷವೆಂದೇ ಅವಳು ಅದನ್ನು ತಿಳಿದಳು. ಆಮೇಲೆ ಅಡುಗೆಮನೆಯಲ್ಲಿ ಎಲ್ಲವನ್ನೂ ರುದ್ರೇಶನಿಗೆ ಹೇಳಿದಾಗ ಅವನು ನಗಲಿಲ್ಲ. "ಮತ್ತೇನ ನೋಡ್ತಿ? ಫೋನ್ ಇಸಕೊಂಡುಬಿಡು. ಗುರುಬಸವ ಅವ್ವನ ಫೋನ್ ಇಸಕೊಂಡಿಲ್ಲೇನು?" ಗುರುಬಸವ ಶೇಖರಮ್ಮತ್ತಿಯ ಮಗ.

ಅದಕ್ಕೇ ಈಗ ಅವಳ ಚೀಲದಲ್ಲಿ ಒಂದು ಬಟನ್ ಫೋನು ಇತ್ತು. ಕೇಂದ್ರಕ್ಕೆ ಬರುವ ದಾರಿಯಲ್ಲಿ ಕೊಂಡದ್ದು. ಮೂರು ನಂಬರುಗಳಿಂದ ಮಾತ್ರ ಕರೆ ಬರುವಂತೆ ಅಂಗಡಿಯವನು ಮಾಡಿಕೊಟ್ಟಿದ್ದ. ನಾಲ್ಕನೆಯ ಸಲ ಹನಿ ಸರಿಯಾದ ಗಳಿಗೆಯಲ್ಲಿ ನಿಂತಿತು. ಅವಳು ಅಂಕಿ ಬರೆದಳು, ಅರ್ಧ ದಿನದ ರಜೆಯ ಚೀಟಿ ಬರೆದಳು. ಇವತ್ತೇ ಹೇಳಬೇಕು. ಪರೀಕ್ಷೆ ಮಾಡಿದ್ದು ನಾನು, ನೀನು ನಪಾಸಾದಿ, ಈ ಫೋನು ತಗೊಂಡು ಆ ಫೋನು ಕೊಡು. ಮೂರು ಮಾತು. ಬಿಸಿಲಲ್ಲಿ, ಬೇಯಿಸಿದ ಭತ್ತದ ವಾಸನೆ ತುಂಬಿದ ಬೀದಿಯಲ್ಲಿ, ಲಾರಿಗಳ ಪಕ್ಕದಲ್ಲಿ ನಡೆಯುತ್ತ ಆ ಮೂರನ್ನೂ ಬೇರೆ ಬೇರೆ ಕ್ರಮದಲ್ಲಿ ಜೋಡಿಸಿ ನೋಡಿದಳು. ಯಾವ ಕ್ರಮದಲ್ಲೂ ಅವು ಒಬ್ಬ ಮಗಳ ಮಾತಿನಂತೆ ಕೇಳಲಿಲ್ಲ.

ಅಪ್ಪ ಪಡಸಾಲೆಯ ಮೇಜಿನ ಮುಂದೆ ನೋಟುಬುಕ್ಕು ತೆಗೆದು ಕುಳಿತಿದ್ದ. ಪ್ರತಿ ಕರೆಯನ್ನೂ ಬರೆದಿಡುವುದು ಅವನ ಹಳೆಯ ರೂಢಿ. ಕೆಲಸ ಬಿಟ್ಟ ಮೇಲೂ ಬಿಟ್ಟಿಲ್ಲ. ಸ್ಕೇಲಿಟ್ಟು ಎಳೆದ ಗೆರೆಗಳು: ವೇಳೆ, ಯಾರು, ಏನು ಕೇಳಿದರು, ಏನು ಹೇಳಿದೆ, ಷರಾ. ಮನೆಯವರೆಲ್ಲ ಅದನ್ನು ನೋಡಿ ನಕ್ಕು ಸುಮ್ಮನಾಗಿದ್ದರು. ಓದಿ ನೋಡಿದವರು ಯಾರೂ ಇಲ್ಲ.

"ಅಪ್ಪಾ, ನಿನ್ನೆ ಬಂದ ಫೋನು..."

"ಹೂಂ. ಕುಂದ್ರು. ನೀರು ಕುಡಿ ಮೊದ್ಲ."

"ಅದು ಆಫೀಸಿಂದ ಬಂದದ್ದಲ್ಲ."

"ಗೊತ್ತೈತಿ. ನೀ ಕಳಿಸಿದ್ದು."

ಅವಳು ಕುಳಿತಳು. ಅಪ್ಪ ಪುಟ ತಿರುಗಿಸಿ ನಿನ್ನೆಯ ಸಾಲಿನ ಮೇಲೆ ಬೆರಳಿಟ್ಟ. "ಮಾತಾಡಿದಾಂವ ಯಾರೋ ನನಗ ಗೊತ್ತಾಗಲಿಲ್ಲ. ಅಂಕಿ ಗೊತ್ತಾತು. ಒಂದು ಆರು ಮೂರು ಮೂರು, ಸೊನ್ನೆ ಸೊನ್ನೆ. ಡ್ಯಾಮು ತುಂಬಿದಾಗಿನ ಮಟ್ಟ ಅದು. ಸಾವಿರದ ಆರುನೂರಾ ಮೂವತ್ಮೂರು ಅಡಿ. ಯಾವ ಊರಿನ ಕಳ್ಳ ಅದನ್ನ ಕಳಿಸ್ತಾನ? ಈ ಅಂಕಿ ತಲಿಯಾಗ ಇಟ್ಕೊಂಡಾಕಿ ನನ್ನ ಬಿಟ್ರ ಈ ಮನ್ಯಾಗ ಒಬ್ಬಾಕಿನ."

ನಿನ್ನೆ ಕರೆಗೆ ಮುಂಚೆ ಕೇಂದ್ರದ ಹಳೆಯ ಸಿಮ್ಮಿನಿಂದ ಆ ಸಂದೇಶ ಕಳಿಸುವಾಗ ಯಾವುದಾದರೂ ಆರು ಅಂಕಿ ಎಂದುಕೊಂಡು ಒತ್ತಿದ್ದಳು. ಯಾವುದಾದರೂ ಎಂದುಕೊಂಡ ಬೆರಳು ಮುನಿರಾಬಾದಿನ ಕಾಲನಿಯ ಮಕ್ಕಳೆಲ್ಲ ಮಗ್ಗಿಯ ಹಾಗೆ ಹೇಳುತ್ತಿದ್ದ ಅಂಕಿಗೇ ಹೋಗಿತ್ತು. ಹೆಸರಿಲ್ಲದ ಚೀಲದ ಮೇಲೆ ತನ್ನದೇ ಅಕ್ಷರದಲ್ಲಿ ಹೆಸರು ಬರೆದಿಟ್ಟಂತೆ. ಕಿರಿಯರು ಯಾರಾದರೂ ಇಂಥ ಪ್ರಯೋಗ ತಂದು ತೋರಿಸಿದ್ದರೆ ಅವಳು ಅದನ್ನು ಓದದೆ ಹಿಂದಿರುಗಿಸುತ್ತಿದ್ದಳು.

"ಗೊತ್ತಾಗಿದ್ರ ಯಾಕ ಓದಿದಿ?"

"ನೀ ಕೇಳಿದ್ಯಲ್ಲ." ಅಪ್ಪ ಚಾಳೀಸು ತೆಗೆದು ಮಡಚಿದ. "ಊಟಕ್ಕ ಕುಂತಾಗ ಹೇಳ್ತಿ ಅಂತ ದಾರಿ ನೋಡಿದೆ. ಪಲ್ಯೆ ನೀಡಿದಿ."

ನಿನ್ನೆಯ ಆ ಬೆಳಕು, ಅವಳು ಸಂತೋಷವೆಂದು ತಿಳಿದದ್ದು, ಕಾಯುವವನ ಮುಖದ್ದಾಗಿತ್ತೆ? ಆ ಪ್ರಶ್ನೆಯ ಹಿಂದೆಯೇ ಅವಳ ಇನ್ನೊಂದು ಬುದ್ಧಿ, ಸಂಬಳ ಪಡೆಯುವ ಬುದ್ಧಿ, ಎದ್ದು ಕುಳಿತಿತು. ಓದುವಾಗಲೇ ಗೊತ್ತಾಯಿತೋ, ಓದಿ ಇಟ್ಟ ಮೇಲೆ, ಸಾಲು ಬರೆಯುವಾಗ ಗೊತ್ತಾಯಿತೋ? ಷರಾ ಎಂಬಲ್ಲಿ 'ಪೂರ್ಣ ಮಟ್ಟ. ಮನೆಯವರೇ.' ಎಂದಿತ್ತು. ಶಾಯಿ ಅದೇ, ಒತ್ತು ಅದೇ, ಆದರೆ ಹತ್ತು ನಿಮಿಷದ ಮೇಲೆ ಬರೆದರೂ ಶಾಯಿ ಅದೇ ಇರುತ್ತದೆ. ಮೂರಕ್ಕೂ ಸೊನ್ನೆಗೂ ನಡುವಿನ ಆ ಬಿಡುವು ಗುರುತು ಹಿಡಿದ ಬಿಡುವೋ, ಚಾಳೀಸು ಜಾರಿದ ಬಿಡುವೋ? ಇದು ನಿಜವೋ, ವಯಸ್ಸಾದ ಮನುಷ್ಯ ತನ್ನ ಮಾನ ಉಳಿಸಿಕೊಳ್ಳುವ ಮಾತೋ? ತಿಳಿಯುವ ದಾರಿಯನ್ನು ಅವಳೇ ಕೆಡಿಸಿಕೊಂಡಿದ್ದಳು. ಆ ಸಾಲಿನ ಮೇಲೆ ತಾನು ಬಗ್ಗಿ ಕುಳಿತಿರುವುದು, ಅಪ್ಪ ತನ್ನನ್ನು ನೋಡುತ್ತಿರುವುದು ಅವಳಿಗೆ ತಡವಾಗಿ ಹೊಳೆಯಿತು.

"ಇನ್ನೊಮ್ಮೆ ಮಾಡಿ ನೋಡಬೇಕು ಅನಸಾಕತ್ತೈತಿಲ್ಲೋ?" ಎಂದ ಅಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ. "ಮಾಡು. ನಿನ್ನ ಅಂಕಿ ಅಲ್ಲದ ಬ್ಯಾರೆ ಅಂಕಿ ಬಂದಿತ್ತಂದ್ರ ಏನ ಮಾಡತಿದ್ನೋ ನನಗ ಗೊತ್ತಿಲ್ಲ, ಲೀಲವ್ವಾ. ಖರೇ ಹೇಳ್ತೀನಿ. ಆ ಕಡಿಯಿಂದ ಯಾರರ ಅಂಕಿ ಕೇಳಿದ್ರ ಬಾಯಿ ತಾನ ಓದತೈತಿ."

ಇದನ್ನು ಹೇಳಿದವನು ಮಾನ ಉಳಿಸಿಕೊಳ್ಳಲು ಸುಳ್ಳು ಹೇಳುವವನಲ್ಲ. ಅಥವಾ, ಆ ಸುಳ್ಳನ್ನು ನಂಬಿಸಲೆಂದೇ ಇದನ್ನು ಹೇಳಿದನೋ. ಅವಳು ಚೀಲದಿಂದ ಬಟನ್ ಫೋನು ತೆಗೆದು ಮೇಜಿನ ಮೇಲಿಟ್ಟಳು. ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

"ಇದಕ್ಕ ಎಷ್ಟ ಮಂದಿ ಫೋನ್ ಮಾಡಬಹುದು?"

"ಮೂರು ಮಂದಿ. ನಾನು, ಅವರು, ಡಾಕ್ಟರು."

"ನಾಲ್ಕನೇದವರು?"

"ಬರಂಗಿಲ್ಲ."

ಅಪ್ಪ ನೋಟುಬುಕ್ಕನ್ನು ಅವಳ ಕಡೆ ಸರಿಸಿದ. ಹಿಂದಿನ ಪುಟ, ಅದರ ಹಿಂದಿನದು. ದಿನವೂ ಸಂಜೆ ನಾಲ್ಕಕ್ಕೆ ಒಂದು ಸಾಲು: ಶೇಖರಿ. ಪ್ರತಿ ಸಾಲಿನಲ್ಲೂ ಬೇರೆ ಬೇರೆ ನಂಬರು. ಪಕ್ಕದ ಮನೆಯವರದು, ಹಾಲಿನವನದು, ಕಿರಾಣಿ ಅಂಗಡಿಯದು. ಏನು ಕೇಳಿದರು ಎಂಬಲ್ಲಿ 'ಆರೋಗ್ಯ', ಏನು ಹೇಳಿದೆ ಎಂಬಲ್ಲಿ 'ಛಲೋ ಐತಿ'. ಒಂದು ಕಡೆ ಮಾತ್ರ ಷರಾ: 'ಅತ್ತಳು.' ಮಗ ಫೋನು ಕಸಿದುಕೊಂಡ ಮೇಲೆ ಅತ್ತಿ ದಿನಕ್ಕೊಂದು ಮನೆಯ ಫೋನು ಬೇಡಿ ಅಣ್ಣನೊಂದಿಗೆ ಮಾತಾಡುತ್ತಿದ್ದಳು. ಗುರುಬಸವ ಒಳ್ಳೆಯ ಮಗ. ತಾನೂ ಒಳ್ಳೆಯ ಮಗಳಾಗಲು ಹೊರಟಿದ್ದೆ ಎಂದು ಶಿವಲೀಲಾ ಆ ನಂಬರುಗಳ ಸಾಲನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ನೋಡಿದಳು.

ಆಗ ಅವಳಿಗೆ ನೆನಪಾದದ್ದು ಕಾಲನಿಯ ರಸ್ತೆ, ಬೇವಿನ ಮರದ ಕೆಳಗೆ ನಿಂತ ಜೀಪು. ಅವಳು ಏಳನೆಯ ಇಯತ್ತೆ. ಜೀಪಿನಲ್ಲಿ ಕುಳಿತ ಇಂಜಿನಿಯರು, ಕೆಳಗೆ ಬಿಸಿಲಲ್ಲಿ ನಿಂತ ಅಪ್ಪ. ಹಿಂದಿನ ಮಧ್ಯಾಹ್ನ ಆ ಇಂಜಿನಿಯರೇ ಫೋನು ಮಾಡಿ ಗೇಟನ್ನು ಅರ್ಧ ಅಡಿ ಎತ್ತಲು ಹೇಳಿದ್ದರು. ಮಟ್ಟವನ್ನು ಯಾರು ಕೇಳಿದರೂ ಓದಬಹುದು. ಗೇಟಿನ ಹುಕುಂ ಬಂದರೆ ಮಾತ್ರ, ಹೆಸರು ಬರೆದುಕೊಂಡು, ಫೋನಿಟ್ಟು, ಗೋಡೆಯ ಹಲಗೆಯ ಮೇಲೆ ಬರೆದ ನಂಬರಿಗೆ ತಾನೇ ತಿರುಗಿ ಮಾಡಿ ಖಾತ್ರಿ ಮಾಡಿಕೊಂಡ ಮೇಲೆಯೇ ಗೇಟಿಗೆ ಕೈ ಹಾಕಬೇಕು. ಆ ಕೋಣೆಯ ನಿಯಮ ಅದು. ಅಪ್ಪ ಹಾಗೇ ಮಾಡಿದ್ದ. "ನನ್ನ ದನಿ ಗೊತ್ತಾಗಂಗಿಲ್ಲೇನಲೇ ನಿನಗ?" ಎಂದು ಇಂಜಿನಿಯರು ನಾಲ್ಕು ಮನೆಯವರು ಕೇಳುವಂತೆ ಒದರುತ್ತಿದ್ದರು. ಅಪ್ಪ ಕೈಕಟ್ಟಿ ನಿಂತಿದ್ದ. "ದನಿ ಗೊತ್ತೈತ್ರಿ ಸಾಹೇಬ್ರ. ನಂಬರ್ ಹಲಗಿ ಮ್ಯಾಲೆ ಐತ್ರಿ." ಹೆಗಲಿಗೆ ಪಾಟಿಚೀಲ ಹಾಕಿಕೊಂಡು ಬಂದ ಅವಳು, ಆ ಮನುಷ್ಯ ಯಾರೋ ಎಂಬಂತೆ ರಸ್ತೆಯ ಇನ್ನೊಂದು ಬದಿಗೆ ದಾಟಿ ಮನೆಗೆ ಹೋಗಿದ್ದಳು. ಅಪ್ಪ ನೋಡಿದ್ದ.

"ಅಪ್ಪಾ," ಎಂದಳು, "ಗೇಟಿನ ಹುಕುಂ ಬಂದ್ರ ಓದಿ ಹೇಳಿ ಇಟ್ಟುಬಿಡತಿದ್ದೇನು?"

"ಗೇಟ್ ಬ್ಯಾರೆ."

"ಈ ಆರು ಅಂಕಿ ನೀರಿನ ಮಟ್ಟ ಅಲ್ಲ. ಗೇಟು ಅದು. ನೀ ಓದಿದ ಕೂಡಲೇ ಅಲ್ಲೆಲ್ಲೋ ಎತ್ತತಾರ."

ಅಪ್ಪ ನಿನ್ನೆಯ ಸಾಲನ್ನು ಬೆರಳಿಟ್ಟು ಮತ್ತೊಮ್ಮೆ ಓದಿದ. ಹೊರಗೆ ಗಿರಣಿಯ ಹೊಟ್ಟಿನ ಲಾರಿಯೊಂದು ಹಿಂದಕ್ಕೆ ಬರುತ್ತ ಕೂಗುತ್ತಿತ್ತು. "ಹಿಂಗಂತ ಯಾರೂ ಹೇಳಲಿಲ್ಲ ನನಗ" ಎಂದ ಕೊನೆಗೆ. "ಎಲ್ಲಾರೂ ಹುಷಾರು, ಹುಷಾರು ಅಂದ್ರು. ಹುಷಾರು ಅಂದ್ರ ಏನ ಮಾಡೂದು ಅಂತ ಯಾರೂ ಹೇಳಲಿಲ್ಲ."

ಸಂಜೆಯ ಹೊತ್ತಿಗೆ ಅಟ್ಟದ ಮೇಲಿದ್ದ ಒಂದು ಹಲಗೆಯನ್ನು ಅಪ್ಪ ಇಳಿಸಿ, ಒರೆಸಿ, ಬಿಳಿ ಬಣ್ಣ ಬಳಿದಿದ್ದ. ಒಣಗಿದ ಮೇಲೆ, ನೀರಿನ ಅಳತೆಪಟ್ಟಿಯ ಮೇಲೆ ಬರೆಯುತ್ತಿದ್ದಂಥ ದಪ್ಪ ಕಪ್ಪು ಅಂಕಿಗಳಲ್ಲಿ ನಂಬರುಗಳನ್ನು ಬರೆದ: ಲೀಲಾ, ರುದ್ರೇಶ, ಲೀಲಾನ ಆಫೀಸು, ತಾಹೇರ, ಡಾಕ್ಟರು, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಅಚ್ಚಾದ ನಂಬರು, ಪಿಂಚಣಿ ಕಚೇರಿಯದು. ಶೇಖರಮ್ಮ ಎಂದು ಬರೆದು ಮುಂದೆ ಖಾಲಿ ಬಿಟ್ಟ. "ಮಾತಾಡೂದು ಯಾರರ ಮಾತಾಡಲಿ, ಯಾವ ಫೋನಿಂದರ ಮಾತಾಡಲಿ. ಕೇಳ್ತೀನಿ. ಏನರ ಓದು ಅಂದ್ರ, ಕಳಿಸು ಅಂದ್ರ, ಮಾಡು ಅಂದ್ರ, ಇಡತೀನಿ. ಹೊಳ್ಳಿ ಹಲಗಿ ಮ್ಯಾಲಿನ ನಂಬರಿಗೆ ಮಾಡ್ತೀನಿ. ನಾ ಮಾಡಿದ ಫೋನಿನ್ಯಾಗೂ ಯಾರರ ಅಂಕಿ ಓದು ಅಂದ್ರ, ನಿನ್ನ ಕೇಳೂತನಕ ಓದಂಗಿಲ್ಲ." ಮೊಳೆ ಹೊಡೆಯುತ್ತ ತಿರುಗಿ ನೋಡಿದ. "ನಿನಗೂ ಇದ ನಿಯಮ."

"ನನಗೂ" ಎಂದಳು, ಯೋಚಿಸದೆ.

ಬಂದ ಭಾನುವಾರ, ಮೂರು ನಂಬರಿನ ಕಟ್ಟನ್ನು ಅಂಗಡಿಯವನಿಂದ ತೆಗೆಸಿದ ಬಟನ್ ಫೋನನ್ನು ತೆಗೆದುಕೊಂಡು ಕುಷ್ಟಗಿಯ ಬಸ್ಸು ಹತ್ತಿದಳು. "ಅಕ್ಕಾ, ಮತ್ತ ಅಕಿ ಕೈಯಾಗ ಫೋನ್ ಕೊಡಾಕ ಬಂದಿಯೇನು? ಆಗಿದ್ದು ಸಾಲಲಿಲ್ಲೇನು?" ಎಂದು ಗುರುಬಸವ ಬಾಗಿಲಲ್ಲೇ ನಿಂತ. "ಅತ್ತಿ ಹಾಲಿನವನ ಫೋನ್ ಬೇಡಿ ನಮ್ಮಪ್ಪನ ಕೂಡ ಮಾತಾಡತಾಳ, ನಿನಗ ಗೊತ್ತೈತೇನು?" ಎಂದಳು ಅವಳು. ಅವನಿಗೆ ಗೊತ್ತಿರಲಿಲ್ಲ. ಅತ್ತಿ ಫೋನನ್ನು ಕೈಗೆ ತೆಗೆದುಕೊಳ್ಳುವ ಮೊದಲು ಮಗನ ಮುಖ ನೋಡಿದಳು. ಅವನು ತಲೆ ತಗ್ಗಿಸಿ ಒಳಗೆ ಹೋದ. ಅಲ್ಲೇ ಕುಳಿತು ಶಿವಲೀಲಾ ಅತ್ತಿಗೆ ಹಲಗೆಯ ನಿಯಮ ಹೇಳಿದಳು. ಅತ್ತಿ ಅದನ್ನು ಪಾಠದಂತೆ ಎರಡು ಸಲ ತಿರುಗಿ ಹೇಳಿ, ತನಗೊಂದು ಹಲಗೆ ಬೇಡ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಳ್ಳುತ್ತೇನೆ ಎಂದಳು. ಲೈನು ಬ್ಯುಸಿ ಇದ್ದ ಆ ಎರಡು ಕರೆಗಳ ಮಾತನ್ನು ಹೇಳಬೇಕೆಂದುಕೊಂಡೇ ಶಿವಲೀಲಾ ಹೋಗಿದ್ದಳು. ಚಹಾ ಕುಡಿಯುವಾಗ ಹೇಳಿದಳು. ಅತ್ತಿ ಚಹಾದ ಬಸಿಯನ್ನು ಕೆಳಗಿಟ್ಟು, "ನಾನೂ ಭಾಳ ಮಾತಾಡ್ತೀನಿ ಬಿಡು" ಎಂದಳು. ಅದು ಕ್ಷಮೆಯಾಗಿರಲಿಲ್ಲ, ಆದರೆ ಹೇಳಿದ್ದಾಗಿತ್ತು.

ಮೂರನೆಯ ವಾರ ನವಲಿಯಲ್ಲಿ ಭತ್ತದ ಕೊಯ್ಲು ಮುಗಿದ ಹೊಲಗಳ ಮಣ್ಣು ತೆಗೆಯುವ ಕೆಲಸವಿತ್ತು. ತಾಹೇರ ಅವಳನ್ನು ಇಳಿಸಿ, ಹಿಂದಿನ ದಿನದ ಚೀಲಗಳನ್ನು ಕೇಂದ್ರಕ್ಕೆ ಒಯ್ದ, ಐದಕ್ಕೆ ಬರುವವನಿದ್ದ. ಹನ್ನೆರಡರ ಹೊತ್ತಿಗೆ, ಹನಮಪ್ಪನೆಂಬ ರೈತನ ಹೊಲದ ಬದುವಿನ ಮೇಲೆ ನಡೆಯುವಾಗ ಹಸಿ ಮಣ್ಣು ಕುಸಿದು ಅವಳ ಎಡಗಾಲು ಮಡಚಿಕೊಂಡಿತು. ಫೋನು ಪಕ್ಕದ ಕಾಲುವೆಯ ನೀರಿಗೆ ಹಾರಿ, ಒಂದು ಗಳಿಗೆ ಬೆಳಗಿ, ಆರಿತು. ಹನಮಪ್ಪ ಮತ್ತು ಅವನ ಹೆಂಡತಿ ಹುಲಗಮ್ಮ ಅವಳನ್ನು ಎತ್ತಿ ಮರದ ನೆರಳಿಗೆ ತಂದು ಕೂರಿಸಿದರು. ಗಾಡಿ ತರುತ್ತೇವೆಂದರೆ ಅವರ ಬೈಕು ಮಗನೊಂದಿಗೆ ಗಂಗಾವತಿಗೆ ಹೋಗಿತ್ತು. "ಮನಿಗೆ ಫೋನ್ ಹಚ್ರಿ" ಎಂದು ಹನಮಪ್ಪ ತನ್ನ ಫೋನು ಕೊಟ್ಟ. ಕೈಯಲ್ಲಿ ಹಿಡಿದುಕೊಂಡು ನೋಡಿದರೆ ಗಂಡನ ನಂಬರು ನೆನಪಿರಲಿಲ್ಲ, ಕೇಂದ್ರದ್ದಿಲ್ಲ, ತಾಹೇರನದಿಲ್ಲ. ಇಪ್ಪತ್ತು ವರ್ಷದ ಹಿಂದೆ ತಾನೇ ಸಾಲಿನಲ್ಲಿ ನಿಂತು ತೆಗೆಸಿಕೊಟ್ಟ ಅಪ್ಪನ ನಂಬರೊಂದೇ ಬಾಯಿಗೆ ಬರುತ್ತಿತ್ತು.

"ಅಪ್ಪಾ, ನಾನು ಲೀಲಾ."

"ಯಾರ ನಂಬರ್ರಿ ಇದು?"

"ನವಲ್ಯಾಗ ಹನಮಪ್ಪ ಅಂತ ಒಬ್ಬ ರೈತರದು. ನನ್ನ ಫೋನ್ ನೀರಾಗ ಬಿತ್ತು. ಕಾಲು ಉಳುಕೈತಿ, ಊರಾಕ ಬರಂಗಿಲ್ಲ. ತಾಹೇರಗ ಹೇಳಿ ಜೀಪ್ ಕಳಿಸು."

ಪೆನ್ನಿನ ಟೋಪಿ ತೆಗೆದ ಸದ್ದು ಕೇಳಿಸಿತು. "ಹನ್ನೆರಡೂ ಇಪ್ಪತ್ತು. ಶಿವಲೀಲಾ ಅಂತ ಹೇಳ್ತೀರಿ. ಜಾಗಾ ನವಲಿ, ಹನಮಪ್ಪನ ಹೊಲ. ಕಾಲು ಉಳುಕೈತಿ, ಜೀಪ್ ಕಳಿಸಬೇಕು. ಬರೋಬರಿ ಐತೇನ್ರಿ?"

"ಅಪ್ಪಾ! ನಾನ ಮಾತಾಡಾಕತ್ತೀನಿ. ಕಾಲು ಬಾತೈತಿ."

"ದನಿ ಆಕಿ ದನಿ ಹಂಗನ ಐತ್ರಿ" ಎಂದ ಅಪ್ಪ. ಅವನ ದನಿ ಮಾತ್ರ ಎಂದಿನಂತಿರಲಿಲ್ಲ. "ಇಡ್ರಿ. ಹಲಗಿ ಮ್ಯಾಲಿನ ನಂಬರಿಗೆ ಮಾಡ್ತೀನಿ." ಇಟ್ಟುಬಿಟ್ಟ.

"ಯಾರ್ರಿ, ಆಫೀಸಿನ್ಯಾರೇನು?" ಎಂದಳು ಹುಲಗಮ್ಮ, ಒದ್ದೆ ಬಟ್ಟೆಯನ್ನು ಕಾಲಿಗೆ ಸುತ್ತುತ್ತ.

"ನಮ್ಮಪ್ಪ."

"ಯವ್ವಾ! ಮಗಳಿಗೆ ರೀ ಹಚ್ಚಿ ಮಾತಾಡ್ತಾರಲ್ರಿ! ನಮ್ಮನ್ಯಾಗ ನನಗ ಎಮ್ಮಿಗಿಂತ ಹೆಚ್ಚು ಮರ್ಯಾದಿ ಇಲ್ಲ."

"ಎಮ್ಮಿ ಹಾಲು ಕೊಡತೈತಿ" ಎಂದ ಹನಮಪ್ಪ.

ಶಿವಲೀಲಾ ನಕ್ಕಳು, ನಕ್ಕಿದ್ದು ಕಾಲಿಗೆ ತಾಗಿ ಕಣ್ಣಲ್ಲಿ ನೀರು ಬಂತು. ಅಪ್ಪ ಈಗ ಹಲಗೆಯ ಮುಂದೆ ನಿಂತು ಮೊದಲ ನಂಬರು ಒತ್ತುತ್ತಿರಬೇಕು. ಅದು ಕಾಲುವೆಯ ಕೆಸರಿನಲ್ಲಿದೆ. ಮತ್ತೆ ಒತ್ತುತ್ತಾನೆ. ಮಗಳು ಎತ್ತುವುದಿಲ್ಲ. ಮಗಳು ಎತ್ತದಿರುವುದಕ್ಕೆ ಎರಡು ಕಾರಣಗಳಿರಬಹುದು: ಕರೆ ಮಾಡಿದವಳು ನಿಜವಾಗಿಯೂ ಅವಳೇ, ಇಲ್ಲವೆ ಅವಳಿಗೆ ಬೇರೇನೋ ಆಗಿದೆ. ಕಾಲು ಸೆಳೆಯುತ್ತಿತ್ತು. ಸಿಟ್ಟು ಬಂತು, ಯಾರೋ ಪರಕೀಯಳಂತೆ ದೂರ ನಿಲ್ಲಿಸಿದನಲ್ಲ ಎಂದು. ನಿಲ್ಲಿಸಲಿ ಎಂದೂ ಅನಿಸಿತು. ರಸ್ತೆ ದಾಟಿ ಹೋದವಳಿಗೆ ಇಷ್ಟು ಸಲ್ಲಬೇಕು. ಹನಮಪ್ಪ ಫೋನನ್ನು ಮತ್ತೆ ಮುಂದೆ ಹಿಡಿದ. "ಇನ್ನೊಮ್ಮೆ ಮಾಡ್ರಿ. ಏನರ ಗುರುತು ಹೇಳ್ರಿ, ಮನಿಯವ್ರಿಗಷ್ಟ ಗೊತ್ತಿರೂ ಮಾತು. ನಂಬತಾರ." ಗುರುತು ಇತ್ತು. 'ಪೂರ್ಣ ಮಟ್ಟ' ಅಂದರೆ ಸಾಕು. ಆರು ಅಂಕಿ, ಮೂರಕ್ಕೂ ಸೊನ್ನೆಗೂ ನಡುವೆ ಒಂದು ಬಿಡುವು. ಅಪ್ಪ ಆ ಕ್ಷಣ ಕರಗುತ್ತಾನೆ. ಫೋನನ್ನು ತೆಗೆದುಕೊಂಡು ಹೆಬ್ಬೆರಳನ್ನು ಮೊದಲ ಅಂಕಿಯ ಮೇಲಿಟ್ಟಳು. ಆದರೆ ಫೋನಿನಲ್ಲಿ ಹೇಳಬಹುದಾದ ಗುರುತನ್ನು ಯಾರಾದರೂ ಹೇಳಬಹುದು. ಇವತ್ತು ತನ್ನ ನೋವಿಗೆ ಈ ಗೇಟು ಎತ್ತಿದರೆ, ಮುಂದೆ ಯಾರೋ ತನ್ನ ದನಿಯಲ್ಲಿ ಅತ್ತಾಗಲೂ ಎತ್ತುತ್ತದೆ. ನಳಿಕೆಯ ತುದಿಯಲ್ಲಿ ತೂಗುವ ಹನಿಯನ್ನು ನೋಡುವಂತೆ ತನ್ನ ಬೆರಳನ್ನು ನೋಡಿದಳು. ತೆಗೆದಳು. "ಬ್ಯಾಡ್ರಿ" ಎಂದು ಫೋನನ್ನು ಹಿಂದಿರುಗಿಸಿದಳು. "ಬರತಾರ."

ಒಂದು ಮೂವತ್ತೈದಕ್ಕೆ ಜೀಪು ಧೂಳೆಬ್ಬಿಸುತ್ತ ಬಂತು. ತಾಹೇರ ಓಡಿಬಂದು, ಅವಳನ್ನು ನೋಡಿ, ನಿಂತು ಉಸಿರುಬಿಟ್ಟ. "ನಿಮ್ಮ ಅಪ್ಪಾರು ಮೂರು ಸಲ ಫೋನ್ ಮಾಡಿದ್ರಿ ಮೇಡಂರೀ. ಯಾರೋ ಹೆಣ್ಮಗಳು ನಮ್ಮ ಲೀಲಾನ ದನಿ ತಗೊಂಡು ಮಾತಾಡಾಕತ್ತಾಳ, ಲೀಲಾ ಫೋನ್ ಎತ್ತವಲ್ಲಳು, ನೀ ಕಣ್ಣಿಲೆ ನೋಡಿ ಬಾ ಅಂದ್ರು. ಅದೂ ಹೆಂಗಂತೀರಿ? ಮೊದ್ಲು ನಾನ ಅವರಿಗೆ ಹೊಳ್ಳಿ ಫೋನ್ ಮಾಡಿದ್ರ, ನೀ ಇಡಪಾ, ನಿನ್ನ ನಂಬರಿಗೆ ನಾ ಮಾಡ್ತೀನಿ ಅಂದ್ರು! ಅದ ನಂಬರ್ರಿ ಅದು!" ಬಹಳ ದಿನಗಳ ಮೇಲೆ ಅವನು ಒಬ್ಬರನ್ನು ಅಣಕಿಸುತ್ತಿದ್ದ. ಪೆನ್ನಿನ ಟೋಪಿಯ ಸದ್ದು ಸಹಿತ.

ಮನೆಗೆ ಬಂದಾಗ ಅಪ್ಪ ಬಾಗಿಲಲ್ಲಿ ನಿಂತಿದ್ದ. ಉಪ್ಪು ಹಾಕಿದ ಬಿಸಿನೀರಿನ ಬೋಗುಣಿ ಪಡಸಾಲೆಯಲ್ಲಿ ಸಿದ್ಧವಿತ್ತು; ಎಷ್ಟು ಸಲ ಆರಿ ಎಷ್ಟು ಸಲ ಕಾಯಿಸಿದ್ದೋ, ಅಡುಗೆಮನೆಯ ಒಲೆ ಇನ್ನೂ ಉರಿಯುತ್ತಿತ್ತು. ತಾಹೇರನ ಹೆಗಲು ಹಿಡಿದು ಕುಂಟುತ್ತ ಬಂದವಳನ್ನು ಅಪ್ಪ ಕೂರಿಸಿ, ಕೆಳಗೆ ಕುಳಿತು, ಅವಳ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ನೀರಿಗಿಟ್ಟ. ಆಮೇಲೆ ಎದ್ದು, ಕೈ ಒರೆಸಿಕೊಂಡು, ನೋಟುಬುಕ್ಕು ತಂದ. ಅಕ್ಷರಗಳು ಎಂದಿನಂತೆ ನೆಟ್ಟಗಿರಲಿಲ್ಲ.

'12.20. ಲೀಲಾ (ಎಂದು ಹೇಳಿದರು). ಜೀಪು ಕಳಿಸಿ. ಕಳಿಸಲಿಲ್ಲ, ಇಟ್ಟೆ. 12.22, 12.25 ಲೀಲಾನ ನಂಬರು, ಹತ್ತಲಿಲ್ಲ. 12.27 ಆಫೀಸು, ನವಲಿಗೆ ಹೋದದ್ದು ಖಾತ್ರಿ. 12.28, 12.29 ತಾಹೇರ, ಎತ್ತಲಿಲ್ಲ. 12.30 ತಾಹೇರ ಮಾಡಿದ, ಇಟ್ಟೆ. 12.31 ತಾಹೇರ, ಹೊರಟ. 1.40 ತಾಹೇರ, ನೋಡಿದ. ಖಾತ್ರಿ.' ಷರಾ ಖಾಲಿ ಇತ್ತು.

"ನನ್ನ ದನಿ ಅಂತ ಗೊತ್ತಿತ್ತಿಲ್ಲೋ ನಿನಗ?" ಎಂದಳು. ಕೇಳಬಾರದೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು.

ಅಪ್ಪ ಬೋಗುಣಿಯ ನೀರಿನಲ್ಲಿ ಬೆರಳಿಟ್ಟು ಬಿಸಿ ನೋಡಿದ. "ಅಪ್ಪಾ ಅಂದಿ ನೋಡು, ಆಗನ ಗೊತ್ತಾತು."

ಶಿವಲೀಲಾ ಅವನ ಜೇಬಿನಿಂದ ಪೆನ್ನು ತೆಗೆದುಕೊಂಡಳು, ನೋಟುಬುಕ್ಕನ್ನು ಮೊಣಕಾಲ ಮೇಲಿಟ್ಟುಕೊಂಡು, ಖಾಲಿ ಇದ್ದ ಜಾಗದಲ್ಲಿ ಬರೆದಳು: ಬರೋಬರಿ.